ಹೊಸ ಬ್ಯಾಟರಿ ಹಾಕಿದರೂ ಹಳೇ ಕಾರು ಸ್ಟಾರ್ಟ್ ಆಗಲು ಸತಾಯಿಸುತ್ತಿದೆ

ಪ್ರಶ್ನೆ:
ನನ್ನದು ಕಾರ್ಬುರೇಟರ್ ಇರುವ ಹಳೇ ಪೆಟ್ರೋಲ್ ಕಾರು. ಕೀ ತಿರುಗಿಸಿದರೆ ಇಂಜಿನ್ ಮುಲುಗುತ್ತಾ ನಿಧಾನಕ್ಕೆ ತಿರುಗುತ್ತದೆ. ಕೆಲವು ಸಲ ಬರೀ 'ಟಕ್' ಅಂದು ಸುಮ್ಮನಾಗುತ್ತದೆ. ಬ್ಯಾಟರಿ ಹೊಸದು, ಹೆಡ್‌ಲೈಟ್ ಜೋರಾಗಿಯೇ ಉರಿಯುತ್ತದೆ. ಮೆಕ್ಯಾನಿಕ್ ಸ್ಟಾರ್ಟರ್ ಮೋಟರ್ ಬದಲಿಸಬೇಕು ಅನ್ನುತ್ತಿದ್ದಾರೆ. ಇನ್ನೊಂದು ವಿಚಿತ್ರ ಇದೆ. ಮತ್ತೆ ಮತ್ತೆ ಕೀ ತಿರುಗಿಸಿದರೆ ಚೋಕ್ ಕೇಬಲ್ (ಡ್ಯಾಶ್‌ಬೋರ್ಡ್‌ನಿಂದ ಇಂಜಿನ್ ಮೇಲಿನ ಕಾರ್ಬುರೇಟರ್‌ಗೆ ಹೋಗುವ ತಂತಿ) ಕೈಗೆ ಬಿಸಿ ತಾಗುತ್ತದೆ! ಇದಕ್ಕೂ ಅದಕ್ಕೂ ಏನಾದರೂ ಸಂಬಂಧ ಇದೆಯಾ?

ಉತ್ತರ:
ಇದೆ, ಅದೇ ದೊಡ್ಡ ಸುಳಿವು. ಸ್ಟಾರ್ಟರ್ ಈಗಲೇ ಬಿಚ್ಚಿಸಬೇಡಿ.

ಸ್ಟಾರ್ಟರ್‌ಗೆ ನೂರಕ್ಕೂ ಜಾಸ್ತಿ ಆಂಪಿಯರ್ ಬೇಕು. ಅಷ್ಟೂ ಕರೆಂಟ್ ಇಂಜಿನ್ ಮೈಯಿಂದ ಬ್ಯಾಟರಿಯ ಮೈನಸ್‌ಗೆ ವಾಪಸ್ ಬರಬೇಕು. ಇಂಜಿನ್ ಕೂತಿರುವುದು ರಬ್ಬರ್ ಮೌಂಟ್ ಮೇಲೆ, ಅದರಲ್ಲಿ ಕರೆಂಟ್ ಹರಿಯಲ್ಲ. ಬ್ಯಾಟರಿಯ ಮೈನಸ್ ಸೇರಿರುವುದು ಬಾಡಿಗೆ. ಅದಕ್ಕೇ ಇಂಜಿನ್‌ಗೂ ಬಾಡಿಗೂ ನಡುವೆ ದಪ್ಪ ಅರ್ಥ್ ಕೇಬಲ್ ಅಥವಾ ಹೆಣೆದ ಪಟ್ಟಿ ಇರುತ್ತದೆ. ಅದು ತುಕ್ಕು ಹಿಡಿದರೆ ಕರೆಂಟ್ ಸಿಕ್ಕಿದ ದಾರಿ ಹಿಡಿಯುತ್ತದೆ. ನಿಮ್ಮ ಕಾರಿನಲ್ಲಿ ಆ ದಾರಿ ಚೋಕ್ ಕೇಬಲ್. ತೆಳು ತಂತಿ, ಕಾಯದೆ ಇರುತ್ತದಾ? ಹೆಡ್‌ಲೈಟ್ ಬಾಡಿಗೇ ಅರ್ಥ್ ಆಗಿರುತ್ತದೆ, ಈ ಪಟ್ಟಿಯ ಹಂಗೇ ಅದಕ್ಕಿಲ್ಲ. ಹಾಗಾಗಿ ಲೈಟ್ ನೋಡಿ ಎಲ್ಲ ಸರಿ ಇದೆ ಅಂದುಕೊಳ್ಳಬೇಡಿ.

ಹೀಗೆ ಪರೀಕ್ಷಿಸಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ. ಇಂಜಿನ್ ಹೊತ್ತಿಕೊಳ್ಳದ ಹಾಗೆ ಇಗ್ನಿಷನ್ ಕಾಯಿಲ್‌ನ ಪ್ಲಸ್ ವೈರ್ ಬಿಚ್ಚಿ, ಅದರ ತುದಿ ಎಲ್ಲೂ ತಾಗದಂತೆ ಟೇಪ್ ಸುತ್ತಿಡಿ. ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಇಂಜಿನ್‌ನ ಬರೀ ಲೋಹಕ್ಕೆ ಒತ್ತಿ ಹಿಡಿಯಿರಿ. ಕಂಬಕ್ಕೇ ಹಿಡಿಯಬೇಕು, ಕ್ಲ್ಯಾಂಪ್‌ಗಲ್ಲ. ಇನ್ನೊಬ್ಬರು ಕೀ ತಿರುಗಿಸಲಿ. 0.2 ವೋಲ್ಟ್ ಆಸುಪಾಸು ತೋರಿಸಿದರೆ ಚಿಂತೆಯಿಲ್ಲ. 0.5 ದಾಟಿದರೆ ಅರ್ಥ್ ದಾರಿಯಲ್ಲೇ ತೊಂದರೆ.

ಮೀಟರ್ ಇಲ್ವಾ? ಬ್ಯಾಟರಿ ಮೈನಸ್‌ನಿಂದ ಇಂಜಿನ್‌ಗೆ ಒಂದು ಜಂಪರ್ ಕೇಬಲ್ ಹಾಕಿ ನೋಡಿ.

ಪ್ರಶ್ನೆ ಕೇಳಿದವರು:
ಜಂಪರ್ ಹಾಕಿದ ಕೂಡಲೇ ಗರ್ರಂತ ಜೋರಾಗಿ ತಿರುಗಿತು! ಪಟ್ಟಿ ಬಿಚ್ಚಿದರೆ ಬೋಲ್ಟ್ ಕೆಳಗೆಲ್ಲ ಹಸಿರು ಪುಡಿ, ಅರ್ಧ ಎಳೆಗಳು ತುಂಡಾಗಿವೆ. ಉಜ್ಜಿ ಅದನ್ನೇ ಹಾಕಬಹುದಾ?

ಉತ್ತರ:
ಬೇಡ, ಹೊಸದೇ ಹಾಕಿ. ಎರಡೂ ತುದಿ ಕೂರುವ ಜಾಗವನ್ನು ಲೋಹ ಹೊಳೆಯುವವರೆಗೆ ಎಮರಿ ಪೇಪರ್‌ನಲ್ಲಿ ಉಜ್ಜಿ. ಪೇಂಟ್ ಮೇಲೆ ಬಿಗಿದರೆ ಉಪಯೋಗವಿಲ್ಲ. ಬಿಗಿದ ಮೇಲೆ ಹೊರಗಿನಿಂದ ಸ್ವಲ್ಪ ಗ್ರೀಸ್ ಸವರಿ. ಆ ಚೋಕ್ ಕೇಬಲನ್ನೂ ಒಮ್ಮೆ ಎಳೆದು ನೋಡಿ, ಒಳಗಿನ ಪ್ಲಾಸ್ಟಿಕ್ ಕರಗಿದ್ದರೆ ಬಿಗಿಯಾಗುತ್ತದೆ.