ಸಹಾಯ ಬೇಕು: ಗೋಣಿಕೊಪ್ಪ ಕಡೆ ಧ್ಯಾನಕ್ಕೆ ಜೊತೆ ಸಿಗಬಹುದಾ?

ಎಲ್ಲರಿಗೂ ನಮಸ್ಕಾರ. ಅಮ್ಮ ತೀರಿಕೊಂಡ ಮೇಲೆ ನೆಲ್ಲಕ್ಕಿಯ (ಕೊಡವ ಮನೆಯ ಒಳಗಿನ ಹಜಾರ) ದೀಪ ಹಚ್ಚೋದು ನನ್ನ ಪಾಲಿಗೆ ಬಂತು. ಗುರುಕಾರೋಣರನ್ನು, ಅಂದ್ರೆ ಮನೆತನದ ಗತಿಸಿದ ಹಿರಿಯರನ್ನು, ನೆನೆದು ಅಲ್ಲೇ ಹತ್ತು ನಿಮಿಷ ಕಣ್ಣು ಮುಚ್ಚಿ ಕೂರ್ತೀನಿ. ಉಸಿರು ಎಣಿಸೋಕೆ ಹೋದರೆ ಕಾಫಿ ಚೀಲದ ಲೆಕ್ಕ ಬರುತ್ತೆ! ಈ ಮಳೆಯಲ್ಲಿ ತೋಟದ ಮನೇಲಿ ಒಬ್ಬಳೇ, ಕರೆಂಟೂ ಇಲ್ಲ. ಧ್ಯಾನಕ್ಕಿಂತ ಅಳುವೇ ಜಾಸ್ತಿ.

ಪೊನ್ನಂಪೇಟೆಯಲ್ಲಿ 1927ರಿಂದ ಇರುವ ರಾಮಕೃಷ್ಣ ಶಾರದಾಶ್ರಮದ ಸಂಜೆ ಆರತಿಗೆ ಎರಡು ಸಲ ಹೋಗಿದ್ದೆ. ಎಲ್ಲರ ಜೊತೆ ಕೂತಾಗ ಮನಸ್ಸು ಹಗುರಾಯ್ತು. ಆದರೆ ಕತ್ತಲಲ್ಲಿ ವಾಪಸ್ ಬರೋಕೆ ಆನೆ ಭಯ.

ಬೆಳಿಗ್ಗೆ ಅಥವಾ ಭಾನುವಾರ ನಾಲ್ಕೈದು ಜನ ಸೇರಿ ಪ್ರಾರ್ಥನೆ, ಧ್ಯಾನ ಮಾಡೋರು ಈ ಕಡೆ ಇದ್ದೀರಾ? ಫೀಸು ಕಟ್ಟೋ ಶಿಬಿರ ಬೇಡ. ಜಾಗ ಇಲ್ಲ ಅಂದ್ರೆ ನಮ್ಮ ಜಗಲಿ ಇದೆ, ಕಾಫಿ ನಾನೇ ಕೊಡ್ತೀನಿ.