ಶ್ಯಾಟರ್ಡ್ ಪಿಕ್ಸೆಲ್ ಡಂಜನ್: +6 ಸ್ವೋರ್ಡ್ ಬಿಟ್ಟು ಗ್ರೇಟ್‌ಆಕ್ಸ್ ಹಿಡಿಯಲಾ?

ರಾತ್ರಿಗೂಬೆ

ನಿನ್ನೆಯಿಂದ ತಲೆ ಕೆಡಿಸಿಕೊಂಡು ಕೂತಿದ್ದೇನೆ, ಗೊತ್ತಿರೋರು ಹೇಳಿ. ಈ ಡಂಜನ್ ಗೇಮ್‌ನಲ್ಲಿ ವಾರಿಯರ್ ಪಾತ್ರ ಹಿಡಿದು 11ನೇ ಫ್ಲೋರ್‌ಗೆ ಬಂದಿದ್ದೇನೆ, ಸ್ಟ್ರೆಂತ್ 14. ಸಿಕ್ಕ ಆರೂ ಅಪ್‌ಗ್ರೇಡ್ ಸ್ಕ್ರಾಲ್‌ಗಳನ್ನು (ಒಂದೊಂದೂ ಆಯುಧವನ್ನು +1 ಏರಿಸುತ್ತೆ) ಒಂದು ಮಾಮೂಲಿ ಟಿಯರ್ 3 (ಐದು ದರ್ಜೆಗಳಲ್ಲಿ ಮೂರನೆಯ) ಸ್ವೋರ್ಡ್‌ಗೆ ಸುರಿದಾಗಿದೆ. ಈಗ ಗ್ರೇಟ್‌ಆಕ್ಸ್ (ದೊಡ್ಡ ಕೊಡಲಿ) ಸಿಕ್ಕಿದೆ! ಶಾಪ ಇಲ್ಲ, +0, ಡ್ಯಾಮೇಜ್ 5ರಿಂದ 45. ಆದರೆ 20 ಸ್ಟ್ರೆಂತ್ ಬೇಕು. ಆಸೆ ತಡೆಯಲಾಗದೆ ಹಿಡಿದು ಒಂದು ಬಾವಲಿ ಮೇಲೆ ಬೀಸಿದೆ. ನಾನು ಒಂದು ಸಲ ಬೀಸಿ ಗುರಿ ತಪ್ಪುವಷ್ಟರಲ್ಲಿ ಅದು ಕಚ್ಚಿ ಕಚ್ಚಿ ರಕ್ತ ಹೀರಿಬಿಟ್ಟಿತು, ಕೊನೆಗೆ ಸ್ವೋರ್ಡ್ ತೆಗೆದುಕೊಂಡೇ ಅದನ್ನು ಮುಗಿಸಬೇಕಾಯಿತು. ಟಿಯರ್ 5 ಆಯುಧ ಕೈಗೆ ಬಂದೂ ಕೆಲಸಕ್ಕೆ ಬರಲ್ಲ ಅಂದ್ರೆ ಬ್ಯಾಲೆನ್ಸ್ ತಪ್ಪಿದೆ ಅನ್ಸಲ್ವಾ?

ಇಲಿಬೇಟೆ

ಸ್ವೋರ್ಡ್ ಬಿಡಬೇಡಿ. ನಿಮಗೆ ಆರು ಸ್ಟ್ರೆಂತ್ ಕಡಿಮೆ ಇದೆ. ಒಂದೊಂದು ಕೊರತೆಗೂ ಹೊಡೆಯೋ ಸಮಯ 1.2 ಪಟ್ಟು ಹೆಚ್ಚುತ್ತೆ, ಅಂದರೆ ಒಂದು ಏಟಿಗೆ ಸುಮಾರು ಮೂರು ಟರ್ನ್. ಗುರಿಯನ್ನಂತೂ ಪ್ರತಿ ಕೊರತೆಗೂ 1.5ರಿಂದ ಭಾಗಿಸುತ್ತಾರೆ, ಆರು ಸಲ ಭಾಗಿಸಿದ ಮೇಲೆ ಉಳಿಯೋದೇನು? ಆ ಕಡೆ +6 ಸ್ವೋರ್ಡ್ 9ರಿಂದ 44, ಸರಾಸರಿ 26.5. ನಿಮ್ಮ ಕೊಡಲಿಯ ಸರಾಸರಿ 25. ಜೊತೆಗೆ +6 ಆದ್ದರಿಂದ ಸ್ವೋರ್ಡ್‌ಗೆ ಈಗ 11 ಸ್ಟ್ರೆಂತ್ ಸಾಕು, ಮಿಕ್ಕ 3 ಪ್ರತಿ ಏಟಿಗೂ 0ಯಿಂದ 3 ಡ್ಯಾಮೇಜ್ ಸೇರಿಸುತ್ತೆ. ಈ ಆಟದಲ್ಲಿ ಶಕ್ತಿ ಆಯುಧದಲ್ಲಿ ಅರ್ಧ, ನೀವು ಸುರಿದ ಸ್ಕ್ರಾಲ್‌ನಲ್ಲಿ ಅರ್ಧ.

ಹಳೇಗುಹೆ

ಲೆಕ್ಕ ಸರಿ, ಆದರೆ ಅವರು ಕೇಳ್ತಿರೋದು ಮುಂದಿನ ದಾರಿ ಅಲ್ವಾ? ಪ್ರತಿ ಐದು ಫ್ಲೋರ್‌ಗೆ ಮೂರು ಅಪ್‌ಗ್ರೇಡ್, ಎರಡು ಸ್ಟ್ರೆಂತ್ ಪೋಶನ್ (ಕುಡಿದರೆ ಸ್ಟ್ರೆಂತ್ 1 ಏರುತ್ತೆ) ಖಂಡಿತ. ಹಾಗಾಗಿ 20ನೇ ಫ್ಲೋರ್ ಮುಗಿಯುವಾಗ ಸ್ಟ್ರೆಂತ್ 18, ಇನ್ನೂ ಆರು ಸ್ಕ್ರಾಲ್ ಸಿಕ್ಕಿರುತ್ತೆ. ಆರನ್ನೂ ಕೊಡಲಿಗೆ ಹಾಕಿದರೆ ಅದಕ್ಕೆ 17 ಸಾಕು, 11ರಿಂದ 81, ಸರಾಸರಿ 46. ಅದೇ ಆರನ್ನು ಸ್ವೋರ್ಡ್‌ಗೇ ಹಾಕಿದರೆ +12 ಆಗಿ 15ರಿಂದ 68, ಮಿಕ್ಕ ಸ್ಟ್ರೆಂತ್ ಸೇರಿ ಸರಾಸರಿ 45 ದಾಟುತ್ತೆ. ಎರಡೂ ಹತ್ತಿರ ಹತ್ತಿರ! ಆದರೆ ಕೊಡಲಿ ದಾರಿ ಹಿಡಿದರೆ ನಡುವಿನ ಹತ್ತು ಫ್ಲೋರ್‌ನಲ್ಲಿ ನಿಮ್ಮ ಕೈಯಲ್ಲಿರೋದು ಬರೀ +6 ಸ್ವೋರ್ಡ್, ಅಲ್ಲೇ ಸಾಯ್ತೀರಿ. ಮುಂದಿನ ರನ್‌ನಲ್ಲಿ ಮೊದಲ ಸ್ಕ್ರಾಲ್‌ಗಳನ್ನು ಆರ್ಮರ್‌ಗೆ ಹಾಕಿ ಕಾಯಿರಿ, ಆಗ ತಡವಾಗಿ ಸಿಕ್ಕ ಆಯುಧವೂ ಉಪಯೋಗಕ್ಕೆ ಬರುತ್ತೆ. ನಾನು ಹಾಗೇ ಆಡೋದು.

ಎರಡುಸಾಯ್

ಬ್ಯಾಲೆನ್ಸ್ ಬಗ್ಗೆ ನನ್ನದೊಂದು ಮಾತು. ಸರಾಸರಿ ಮಾತ್ರ ನೋಡಬೇಡಿ, ಎದುರಿಗಿರೋನ ಆರ್ಮರ್ ನೋಡಿ. ನನ್ನ ಹತ್ತಿರ +3 ಸಾಯ್ (ಎರಡೂ ಕೈಗೆ ತೆಳು ಕತ್ತಿಯ ಜೋಡಿ, ಟಿಯರ್ 3) ಇತ್ತು, ಒಂದು ಟರ್ನ್‌ಗೆ ಎರಡು ಏಟು, ಒಂದೊಂದೂ 6ರಿಂದ 16. ಆರ್ಮರ್ ಇಲ್ಲದವರ ಮೇಲೆ ಅದು +3 ಸ್ವೋರ್ಡ್‌ಗಿಂತ ಮುಂದು. ಆಮೇಲೆ ಒಂದು ಗೋಲೆಮ್ (ದೊಡ್ಡ ದೈತ್ಯ ಶತ್ರು) ಸಿಕ್ಕಿತು. ಅದರ ಆರ್ಮರ್ ಪ್ರತಿ ಏಟಿನಲ್ಲೂ 0ಯಿಂದ 12 ತಿಂದುಹಾಕುತ್ತೆ, ನಾನು ಎರಡು ಸಲ ಹೊಡೆದೆ ಅಂದರೆ ಎರಡು ಸಲ ತಿನ್ನುತ್ತೆ. ಅದರ 120 ಜೀವ ಕರಗುವ ಮೊದಲೇ ನನ್ನ ಕೊನೇ ಹೀಲಿಂಗ್ ಪೋಶನ್ ಖಾಲಿಯಾಗಿತ್ತು. ದೊಡ್ಡ ಏಟಿನ ಆಯುಧಕ್ಕೆ ಬೆಲೆ ಇರೋದು ಅಲ್ಲೇ. ನನ್ನ ಪ್ರಕಾರ ಕೊಡಲಿ ಕೆಟ್ಟದ್ದಲ್ಲ, ನಿಮಗೆ ಬೇಗ ಸಿಕ್ಕಿದೆ ಅಷ್ಟೇ.

ರಾತ್ರಿಗೂಬೆ

ಎಲ್ಲರಿಗೂ ಥ್ಯಾಂಕ್ಸ್. ಸ್ವೋರ್ಡ್‌ನಲ್ಲೇ ಮುಂದುವರಿಯುತ್ತೇನೆ, ಕೊಡಲಿಯನ್ನು ಮುಂದಿನ ಅಂಗಡಿಯಲ್ಲಿ ಮಾರಿ ಪೋಶನ್ ಕೊಳ್ಳುತ್ತೇನೆ. @ಹಳೇಗುಹೆ, ಆರ್ಮರ್‌ಗೆ ಎಷ್ಟನೇ ಫ್ಲೋರ್‌ವರೆಗೆ ಹಾಕ್ತೀರಿ?

ಹಳೇಗುಹೆ

10ರ ಬಾಸ್ ಮುಗಿಯುವವರೆಗೆ. ಅಷ್ಟರಲ್ಲೂ ಒಳ್ಳೇ ಆಯುಧ ಸಿಗದಿದ್ದರೆ ಕೈಯಲ್ಲಿರೋದಕ್ಕೇ ಹಾಕಲು ಶುರು ಮಾಡ್ತೀನಿ, ಇನ್ನೂ ಕಾಯಲ್ಲ.