ಸಹಾಯ ಬೇಕು: ಈ ಹಳದಿ ಲೇಡೀಸ್ ಸ್ಲಿಪ್ಪರ್ ಆರ್ಕಿಡ್ ಯಾವ ವೆರೈಟಿ?
ಉತ್ತರ ಅಮೆರಿಕದ ಕಾಡಲ್ಲಿ ಕಂಡ ಹೂವಿದು. ಸಿಪ್ರಿಪೀಡಿಯಂ ಪಾರ್ವಿಫ್ಲೋರಮ್ ಅನ್ನೋ ಪ್ರಭೇದ ಅನ್ನೋದು ಖಚಿತ. ಇದರ ಹತ್ತಿರದ ಪ್ರಭೇದ, ಯುರೋಪಿನ ಕ್ಯಾಲ್ಸಿಯೋಲಸ್ ಆಗಿದ್ರೆ ಚೀಲದಂಥ ದಳದ ಬಾಯಿ ಮೇಲಿನ ಸ್ಟಾಮಿನೋಡ್ (ಪರಾಗ ಕೊಡದ ಬಂಜೆ ಕೇಸರ) ಬಿಳಿ ಇರ್ತಿತ್ತು, ಇದರಲ್ಲಿ ಹಳದಿ, ಮೇಲೆ ಕೆಂಪು ಚುಕ್ಕೆ. ತಲೆ ಕೆಡ್ತಿರೋದು ವೆರೈಟಿ ವಿಷಯಕ್ಕೆ: ಪ್ಯುಬೆಸೆನ್ಸಾ, ಮಕಾಸಿನ್ನಾ? ಚೀಲ ಅಳೆದೆ, 25 ಮಿ.ಮೀ. ಮಕಾಸಿನ್‌ಗೆ 15ರಿಂದ 29, ಪ್ಯುಬೆಸೆನ್ಸ್‌ಗೆ 20ರಿಂದ 54, ಹಾಗಾಗಿ ಎರಡಕ್ಕೂ ಹೊಂದುತ್ತೆ. ತಿರುಚಿದ ಪಕ್ಕದ ದಳಗಳು ಬುಡದಲ್ಲಿ ಹಸಿರು ಮಿಶ್ರಿತ ಹಳದಿ, ತುದಿಗೆ ಹೋಗ್ತಾ ಕಡು ಕಂದು. ಬಣ್ಣ ನೋಡಿಯೂ ಹೇಳೋಕಾಗ್ತಿಲ್ಲ. ಎಳೆ ಚಿಗುರಿನ ಹೊರಪೊರೆ ಮೇಲೆ ಬೆಳ್ಳಿ ಬಣ್ಣದ ರೋಮ ದಟ್ಟವಾಗಿದ್ರೆ ಪ್ಯುಬೆಸೆನ್ಸ್ ಅಂತಾರೆ, ಆದ್ರೆ ಹೂ ಅರಳೋ ಹೊತ್ತಿಗೆ ಆ ಪೊರೆ ಒಣಗಿಹೋಗಿದೆ. ಗಿಡ ಕೀಳೋ ಮಾತೇ ಇಲ್ಲ. ಹೂ ಬಿಟ್ಟ ಮೇಲೂ ಇವೆರಡನ್ನ ಬೇರೆ ಮಾಡೋಕೆ ಯಾವ ಲಕ್ಷಣ ನಂಬಬಹುದು? ಗೊತ್ತಿರೋರು ದಯವಿಟ್ಟು ತಿಳಿಸ್ತೀರಾ?